ನಿಜವಾದ ಕಂಡಕ್ಟರ್ ಮುಂದೆ

ಗೆಳೆಯರೇ, ಇವತ್ತು ತುಂಬಿದ ಬಸ್ಸಿನಲ್ಲಿ ಹೆಂಡತಿಯಿಂದ ಬೈಸಿಕೊಂಡೆ. ಖುಷಿ ತಡೆಯಲಾಗುತ್ತಿಲ್ಲ!

ಲಕ್ವ ಹೊಡೆದು ಅವಳ ಮಾತು ನಿಂತಿತ್ತು. "ವಾರಕ್ಕೊಮ್ಮೆ ಇಲ್ಲಿಗೆ ಬಂದ್ರ ಸಾಲಂಗಿಲ್ಲ, ಮನ್ಯಾಗ ದಿನಾ ಎರಡು ತಾಸು ಮಾತಾಡಿಸ್ರಿ" ಎಂದಿದ್ದರು ದಾವಣಗೆರೆಯ ಸ್ಪೀಚ್ ಥೆರಪಿ ಮೇಡಂ. ಅಂದಿನಿಂದ ಮನೆಯಲ್ಲಿ ನಾನೇ ಕಂಡಕ್ಟರ್. "ಎಲ್ಲಿಗಮ್ಮ?" ಎಂದು ನೂರು ಸಲ ಕೇಳುತ್ತಿದ್ದೆ. "ಹರಿಹರ" ಎನ್ನಲು ಅವಳು ಬೆವರುತ್ತಿದ್ದಳು.

ಇವತ್ತು ಥೆರಪಿ ಮುಗಿಸಿ ಊರಿನ ಬಸ್ ಹತ್ತಿದೆವು. ನಿಜವಾದ ಕಂಡಕ್ಟರ್ ಅವಳನ್ನೇ ಕೇಳಿದ, "ಎಲ್ಲಿಗಮ್ಮ?"

ನಾನು ಬಾಯಿ ತೆರೆದೆ. ತೊಡೆ ಚಿವುಟಿದಳು.

"ನೀವು... ಸುಮ್ನಿರ್ರಿ! ಹರಿಹರ. ನಂದು... ಫ್ರೀ. ಇವ್ರಿಗೆ ಟಿಕೆಟ್ ಕೊಡ್ರಿ."

ನಾನು ಕಲಿಸಿದ್ದು "ಹರಿಹರ" ಒಂದೇ. ಉಳಿದದ್ದೆಲ್ಲ ಅವಳದೇ!

ನಾಳೆಯಿಂದ ದಿನಾ ಎರಡು ತಾಸು, ಸುಮ್ಮನಿರುವುದನ್ನು ನಾನು ಅಭ್ಯಾಸ ಮಾಡಬೇಕು.