ಗುಡಾಣ ಹತ್ತಿರ ಬಂದಾಗ

ಲಾಂಡ್ರಿಯಲ್ಲಿ ಕೋಟುಗಳಿಗೆ ಇಸ್ತ್ರಿ ಹಾಕುವ ಹೆಂಗಸನ್ನು ಎಲ್ಲರೂ ಚೂಟಿ ಎಂದೇ ಕರೆಯುತ್ತಿದ್ದರು. ಮೂವತ್ತು ದಾಟಿದರೂ ಆ ಹೆಸರು ಅವಳ ಬೆನ್ನು ಬಿಟ್ಟಿರಲಿಲ್ಲ. ಇಟ್ಟವರು ಅವಳ ಅಪ್ಪ. ಜೀವಮಾನವಿಡೀ ಬಸ್ಸು ಓಡಿಸಿದ ಮನುಷ್ಯ. ನಿವೃತ್ತರಾದ ಮೇಲೆ ಸುಮ್ಮನೆ ಕೂರಲಾಗದೆ ಹಳೆಯದೊಂದು ವಿಡಿಯೋ ಗೇಮ್ ಪೆಟ್ಟಿಗೆ ತಂದು ಟೀವಿಗೆ ಸಿಕ್ಕಿಸಿದರು.

ಅದರಲ್ಲಿದ್ದದ್ದು ಇಬ್ಬರು ಎದುರುಬದುರು ನಿಂತು ಹೊಡೆದಾಡುವ ಆಟ. ಹೊಡೆದಾಡುವ ಆಳನ್ನು ಆಡುವವರೇ ಆರಿಸಿಕೊಳ್ಳಬೇಕು. ಅಪ್ಪ ಆರಿಸಿದ್ದು ಗುಂಡುಗುಂಡಗಿನ ಒಬ್ಬ ಕುಸ್ತಿಪಟುವನ್ನು. ಅವನ ಕೈಯಲ್ಲಿ ಕತ್ತಿಯಿಲ್ಲ, ಬಿಲ್ಲಿಲ್ಲ, ದೂರದಿಂದ ಹೊಡೆಯುವ ಯಾವ ವಿದ್ಯೆಯೂ ಇಲ್ಲ. ನಡಿಗೆಯಂತೂ ಹೊಟ್ಟೆ ಬಿರಿಯೆ ಉಂಡವನದು. ಆದರೆ ಕೈಗೆಟುಕುವಷ್ಟು ಹತ್ತಿರ ಹೋದನೆಂದರೆ ಎದುರಾಳಿಯನ್ನು ಅನಾಮತ್ತಾಗಿ ಎತ್ತಿ ನೆಲಕ್ಕೆ ಕುಕ್ಕುತ್ತಿದ್ದ. ಅಪ್ಪ ಅವನನ್ನು ಗುಡಾಣ ಎಂದು ಕರೆದರು. ಸಂಜೆ ಕೆಲಸ ಮುಗಿಸಿ ಬಂದ ಮಗಳು ಚಪ್ಪಲಿ ಬಿಡುವುದರೊಳಗೆ, "ಬಾರೇ, ಗುಡಾಣ ಕಾಯ್ತಿದ್ದಾನೆ" ಎನ್ನುತ್ತಿದ್ದರು.

ಆಮೇಲೆ ಅಪ್ಪನ ಕೈ ನಡುಗಲು ಶುರುವಾಯಿತು. ನರದ ಕಾಯಿಲೆ, ಗುಣವಾಗುವಂಥದ್ದಲ್ಲ ಎಂದರು ಡಾಕ್ಟರು. ಅಪ್ಪ ಲೋಟವನ್ನು ಎರಡೂ ಕೈಯಲ್ಲಿ ಹಿಡಿಯುವುದನ್ನು ರೂಢಿ ಮಾಡಿಕೊಂಡರು. ಆಟ ಮಾತ್ರ ಬಿಡಲಿಲ್ಲ.

ಚೂಟಿಯ ಭಾವನಿಗೆ, ಅಂದರೆ ಅಕ್ಕನ ಗಂಡನಿಗೆ, ಟೈಲ್ಸ್ ಅಂಗಡಿಯಲ್ಲಿ ಬಡ್ತಿ ಸಿಕ್ಕಾಗ ಅವರ ಮನೆಯಲ್ಲಿ ನೆಂಟರಿಗೆಲ್ಲ ಊಟ. ಊಟವಾದ ಮೇಲೆ ಭಾವ ಗೋಡೆಯಗಲದ ಟೀವಿ ಹಾಕಿ ಅದೇ ಆಟ ತೆರೆದರು.

"ಬನ್ನಿ ಮಾವ, ಒಂದು ಕೈ ನೋಡೇಬಿಡೋಣ."

ಅಪ್ಪ ಖುಷಿಯಿಂದಲೇ ಕೂತರು. ಭಾವ ಆರಿಸಿಕೊಂಡದ್ದು ಬಿಲ್ಲು ಹಿಡಿದ ಹೆಂಗಸನ್ನು. ಆ ತುದಿಯಲ್ಲಿ ನಿಂತು ಒಂದೇ ಸಮನೆ ಬಾಣ ಬಿಟ್ಟರು. ಅಪ್ಪನ ಬೆರಳು ಗುಂಡಿಯ ಮೇಲೆ ನಿಲ್ಲದೆ ಜಾರುತ್ತಿತ್ತು. ಗುಡಾಣ ನಿಂತಲ್ಲೇ ಬಾಣ ತಿಂದು ಬಿದ್ದ. ಅಲ್ಲಿಗೆ ಮುಗಿಸಬಹುದಿತ್ತು. ಭಾವ ನೆಂಟರ ಕಡೆ ತಿರುಗಿ, "ನೋಡಿ, ಮಾವ ಆಡೋದು ಹಿಂಗೆ" ಎಂದು ಎರಡೂ ಕೈಯನ್ನು ಗಡಗಡ ನಡುಗಿಸಿ ತೋರಿಸಿದರು. ಕೋಣೆ ತುಂಬ ನಗು. ಚಿಕ್ಕಪ್ಪ ನಕ್ಕು ನಕ್ಕು ಕೆಮ್ಮಿದರು. ಅಕ್ಕ ದುಪಟ್ಟಾದಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. ಎಲ್ಲರೂ ನಗುತ್ತಿದ್ದಾರೆಂದು ಅಪ್ಪನೂ ನಕ್ಕರು. ಆ ನಗು ಚೂಟಿಯ ಎದೆಯಲ್ಲಿ ಮುಳ್ಳಿನಂತೆ ನೆಟ್ಟುಕೊಂಡಿತು.

ಮನೆಗೆ ಮರಳುವಾಗ ಬಸ್ಸಿನಲ್ಲಿ ಅಪ್ಪ ಕಿಟಕಿಯಾಚೆ ನೋಡುತ್ತ ಹೇಳಿದರು: "ಆ ಪೆಟ್ಟಿಗೆ ಯಾರಿಗಾದ್ರೂ ಕೊಟ್ಬಿಡು. ಬೇಜಾರು ಬಂದಿದೆ."

ಅವಳು ಕೊಡಲಿಲ್ಲ. ಅಪ್ಪ ಅದನ್ನು ಮುಟ್ಟಲೂ ಇಲ್ಲ. ವರ್ಷ ತುಂಬುವ ಮೊದಲೇ ಹೋಗಿಬಿಟ್ಟರು. ಅಂತ್ಯಕ್ರಿಯೆಯ ದಿನ ಭಾವ ಎಲ್ಲರಿಗಿಂತ ಮುಂದೆ ನಿಂತು, ಬಂದವರ ಕೈ ಹಿಡಿದು, "ದೊಡ್ಡ ಮನುಷ್ಯ" ಎಂದು ಕಣ್ಣೊರೆಸಿಕೊಂಡರು. ಅದನ್ನು ನೋಡಿದ ಚೂಟಿಗೆ ಅಳು ಅಲ್ಲೇ ಇಂಗಿಹೋಯಿತು. ಇವರನ್ನು ಬಿಡಬಾರದು ಎಂದುಕೊಂಡಳು. ಬೈದರೆ ಸಾಲದು, ಜಗಳವಾಡಿದರೆ ಅವರ ಕಡೆಗೇ ನಾಲ್ಕು ಜನ ಸೇರುತ್ತಾರೆ. ಅದೇ ಟೀವಿ, ಅದೇ ಜನ, ಅದೇ ಗುಡಾಣ, ಹಾಗೇ ಆಗಬೇಕು.

ಲಾಂಡ್ರಿಯ ಹಿಂದಿನ ಬೀದಿಯಲ್ಲಿ ಒಂದು ಗೇಮಿಂಗ್ ಅಂಗಡಿ. ಅದರ ಯಜಮಾನಿ ಒಂದು ಕಾಲದಲ್ಲಿ ಪಂದ್ಯಗಳಲ್ಲಿ ಆಡಿದವಳು; ಮಾತು ಕಡಿಮೆ, ಆಡಿದರೆ ಕಡ್ಡಿ ಮುರಿದ ಹಾಗೆ. ಚೂಟಿ ಕೆಲಸ ಮುಗಿಸಿ ಹಬೆಯಲ್ಲಿ ಬೆಂದ ಮುಖದಲ್ಲೇ ಅಲ್ಲಿಗೆ ಹೋಗತೊಡಗಿದಳು. ಮೊದಮೊದಲು ಗುಡಾಣನನ್ನು ಆಡಿಸುತ್ತ ಬಿಲ್ಲಿನವಳ ಕಡೆಗೆ ಎಗರಿ ಎಗರಿ ಹೋಗಿ ಬಾಣಕ್ಕೆ ಸಿಕ್ಕುತ್ತಿದ್ದಳು.

"ಯಾಕಮ್ಮ ಹಾರ್ತೀಯ?" ಎಂದಳು ಯಜಮಾನಿ. "ನಡ್ಕೊಂಡು ಹೋಗು. ಬಾಣ ಬಂತಾ, ಕೈ ಅಡ್ಡ ಹಿಡಿ. ಹೋಯ್ತಾ, ಒಂದು ಹೆಜ್ಜೆ ಹಾಕು. ಅವಳ ಬೆನ್ನ ಹಿಂದೆ ಗೋಡೆ ಇದೆ, ಅವಳೆಲ್ಲಿ ಹೋಗ್ತಾಳೆ?"

"ಹತ್ರ ಹೋದ್ಮೇಲೆ ಎತ್ತಿ ಕುಕ್ಕೋದು ತಾನೇ?"

"ಅದು ನಿನಗೂ ಗೊತ್ತು, ಎದುರಿರೋರಿಗೂ ಗೊತ್ತು. ಅದಕ್ಕೇ ಮೊದಲು ಎತ್ತಬೇಡ. ಸಣ್ಣದಾಗಿ ಒದಿ, ಸುಮ್ಮನೆ ನಿಲ್ಲು. ಎತ್ತಿಬಿಡ್ತಾನೆ ಅಂತ ಹೆದರಿ ಮೇಲಕ್ಕೆ ಹಾರ್ತಾರೆ. ಹಾರಿದಾಗ ಗುದ್ದು. ಗುದ್ದಿಗೆ ಹೆದರಿ ಕೈ ಅಡ್ಡ ಇಟ್ಕೊಂಡು ಕೂತ್ರಾ, ಆಗ ಎತ್ತು. ಬಿದ್ದೋರ ಹತ್ರದಿಂದ ಮಾತ್ರ ಸರೀಬೇಡ. ಏಳೋವಾಗ ಕಣ್ಣೆದುರು ನೀನೇ ಇರಬೇಕು."

ಆ ಮಾತು ಚೂಟಿಗೆ ಬಹಳ ಹಿಡಿಸಿತು. ಹಗಲು ಕೋಟಿನ ಕಾಲರಿನ ಮೇಲೆ ಕಾದ ಇಸ್ತ್ರಿ ಒತ್ತುವಾಗ, ಬುಸ್ಸೆಂದು ಹಬೆ ಏಳುವಾಗ, ಭಾವ ಗೋಡೆಗೆ ಒತ್ತಿಕೊಂಡು ಕೂತಂತೆ ಅವಳ ಕಣ್ಣಿಗೆ ಕಟ್ಟುತ್ತಿತ್ತು. ಜೊತೆಯವಳೊಬ್ಬಳು, "ಯಾರ ಕೋಟೇ ಅದು, ಹಲ್ಲು ಕಚ್ಕೊಂಡು ಉಜ್ತಿದ್ದೀಯ?" ಎಂದು ಕೇಳಿದ್ದೂ ಉಂಟು.

ಅಕ್ಕನ ಮಗಳ ಹುಟ್ಟುಹಬ್ಬ ಬಂತು. ಅದೇ ನೆಂಟರು ಸೇರಿದರು. ಕೇಕ್ ಹಂಚಿದ ಮೇಲೆ ಚೂಟಿಯೇ ಬಾಯಿಬಿಟ್ಟಳು: "ಭಾವ, ಒಂದಾಟ ಆಡೋಣ್ವಾ?"

"ಅಳಬಾರದು ಮತ್ತೆ" ಎಂದು ನಗುತ್ತ ಭಾವ ಬಿಲ್ಲಿನವಳನ್ನೇ ಆರಿಸಿದರು. ಅವಳು ಗುಡಾಣನನ್ನು ಆರಿಸಿದಾಗ ಚಿಕ್ಕಪ್ಪ, "ಅಯ್ಯೋ, ಇವನು ಇನ್ನೂ ಬದುಕಿದ್ದಾನಾ?" ಎಂದರು.

ಬಾಣ ಬಂದವು. ಗುಡಾಣ ಕೈ ಅಡ್ಡ ಹಿಡಿದು ನಡೆದ. ಅವಸರವೇ ಇಲ್ಲ. ಬಿಲ್ಲಿನವಳ ಬೆನ್ನು ಗೋಡೆಗೆ ತಾಗಿತು. ಚೂಟಿ ಸಣ್ಣದಾಗಿ ಒದ್ದು ನಿಂತಳು. ಭಾವ ಹಾರಿದರು, ಗುದ್ದು ಬಿತ್ತು. ಮತ್ತೆ ಹಾರಿದರು, ಮತ್ತೆ ಬಿತ್ತು. ಹಾರುವುದು ಬಿಟ್ಟು ಮುದುಡಿ ಕೂತಾಗ ಗುಡಾಣ ಬಿಲ್ಲಿನವಳನ್ನು ತಲೆಯ ಮೇಲೆತ್ತಿ ಕುಕ್ಕಿದ. ಎದ್ದರೆ ಎದುರಿಗೇ ನಿಂತಿದ್ದ.

"ಬಟನ್ನು ಸರಿಯಿಲ್ಲ" ಎಂದರು ಭಾವ.

"ನನ್ನದು ತಗೊಳ್ಳಿ."

ಬದಲಾಯಿಸಿಕೊಂಡು ಆಡಿದರು. ಮತ್ತೆ ಸೋತರು. ಮಗಳ ಗೆಳತಿಯರು ಗುಡಾಣನ ಕಡೆ ಸೇರಿ ಚಪ್ಪಾಳೆ ತಟ್ಟತೊಡಗಿದರು. ಭಾವ ಎದ್ದು, "ಸಾಕು, ಕೆಲಸ ಇದೆ" ಎಂದರು.

"ಕೂತ್ಕೊಳ್ಳಿ ಭಾವ. ಅವತ್ತು ಅಪ್ಪ ಎದ್ದು ಹೋಗಿರಲಿಲ್ಲ."

ಚಿಕ್ಕಪ್ಪ ತಟ್ಟೆಯಲ್ಲಿದ್ದ ಕೇಕನ್ನೇ ನೋಡುತ್ತ ಕೂತರು. ಭಾವ ಕೂತರು; ಕೂರದೆ ಹೋದರೆ ಇನ್ನೂ ಅವಮಾನ. ಈ ಸಲ ಅವರ ಹೆಬ್ಬೆರಳು ತಪ್ಪು ಗುಂಡಿ ಒತ್ತುತ್ತಿತ್ತು, ಕಿವಿ ಕೆಂಪಾಗಿತ್ತು. ಚೂಟಿ ಬೇಗ ಮುಗಿಸಲಿಲ್ಲ. ಪ್ರತಿ ಸಲ ಕುಕ್ಕಿದ ಮೇಲೂ ಏಳಲು ಬಿಟ್ಟಳು.

ಅಕ್ಕ ಬಂದು ಭುಜ ಹಿಡಿದಳು. "ಸಾಕು ಬಿಡೇ. ಎಲ್ಲರೂ ನೋಡ್ತಿದ್ದಾರೆ."

"ನೋಡ್ಲಿ ಅಂತಾನೇ" ಎಂದಳು ಚೂಟಿ, ಟೀವಿಯಿಂದ ಕಣ್ಣು ತೆಗೆಯದೆ.

ಕೊನೆಯ ಸಲ ಎತ್ತಿ ಕುಕ್ಕಿ ಎದ್ದಳು. ಯಾರಿಗೂ ಹೇಳದೆ ಚಪ್ಪಲಿ ಹಾಕಿಕೊಂಡು ಹೊರಟಳು. ಪಶ್ಚಾತ್ತಾಪವಾದೀತು ಎಂದು ದಾರಿಯುದ್ದಕ್ಕೂ ಕಾದಳು. ಆಗಲಿಲ್ಲ. ಮನೆಗೆ ಬಂದು ಹೊಟ್ಟೆ ತುಂಬ ಉಂಡು ಮಲಗಿದಳು.

ಅಕ್ಕ ಬಹಳ ದಿನ ಫೋನು ಮಾಡಲಿಲ್ಲ. ಒಂದು ಮಧ್ಯಾಹ್ನ ಗಂಡನ ಕೋಟು ಹಿಡಿದು ತಾನೇ ಲಾಂಡ್ರಿಗೆ ಬಂದಳು. ಅವಳ ಮನೆ ಹತ್ತಿರವೇ ಬೇರೆ ಲಾಂಡ್ರಿ ಇತ್ತು. ಇಸ್ತ್ರಿ ಮೇಜಿನ ಪಕ್ಕ ನಿಂತು, "ಆ ಆಟ ಅವರು ಅಟ್ಟಕ್ಕೆ ಹಾಕಿದ್ದಾರೆ" ಎಂದಳು.

"ಹಾಕ್ಲಿ."

"ಅವರು ಕ್ಷಮೆ ಕೇಳೋ ಪೈಕಿ ಅಲ್ಲ, ನಿನಗೆ ಗೊತ್ತಲ್ಲ."

"ಕೇಳ್ಲಿ ಅಂತ ಆಡಿದ್ದಲ್ಲ ಅಕ್ಕ. ಅಪ್ಪಂಗೆ ಹೆಂಗಾಗಿತ್ತೋ ಹಂಗೇ ಆಗ್ಬೇಕಿತ್ತು. ಆಯ್ತು."

ಅಕ್ಕ ಕೋಟನ್ನು ಮೇಜಿನ ಮೇಲಿಟ್ಟಳು. "ನಾನೂ ನಕ್ಕಿದ್ದೆ" ಎಂದಳು ಆಮೇಲೆ, ಹಬೆಯ ಸದ್ದಿನ ನಡುವೆ ಕೇಳಿಸಿತೋ ಇಲ್ಲವೋ ಎಂಬಂತೆ.

ಚೂಟಿಗೆ ಕೇಳಿಸಿತ್ತು. ಪರವಾಗಿಲ್ಲ ಎನ್ನಲು ಅವಳಿಗೆ ನಾಲಗೆ ಏಳಲಿಲ್ಲ. ಸ್ಟೂಲನ್ನು ಕಾಲಿನಿಂದ ಅಕ್ಕನ ಕಡೆಗೆ ಸರಿಸಿ, ಭಾವನ ಕೋಟನ್ನು ಮೇಜಿನ ಮೇಲೆ ಹರಡಿ, ತೋಳಿನಿಂದ ಶುರುಮಾಡಿದಳು.