ತೊಡಕಿನ ದಿನದ ಎರಡು ಬಂಡೆಗಳು

ನಮ್ಮ ಕಡೆ ಬಂಡೆಗೇನೂ ಬರವಿಲ್ಲ. ದೊಡ್ಡೇರಿಯಿಂದ ಮಧುಗಿರಿಯವರೆಗೆ ಎತ್ತ ತಿರುಗಿದರೂ ಬಂಡೆಯೇ. ಆದರೆ ನಮ್ಮೂರಿನ ಮಕ್ಕಳಿಗೆ ಜಾರುವುದಕ್ಕೆ ಲಾಯಕ್ಕಾದವು ಎರಡೇ ಇದ್ದವು. ಯುಗಾದಿಯ ಮರುದಿನ, ಅಂದರೆ ವರ್ಷತೊಡಕಿನ ದಿನ, ಕೆಲಸಬೊಗಸೆ ಏನೂ ಇರುತ್ತಿರಲಿಲ್ಲ. ಅವತ್ತು ಯಾವ ಬಂಡೆಗೆ ಹೋಗುವುದೆಂದು ನಾನೂ ನನ್ನ ತಂಗಿಯೂ ವಾರಕ್ಕೆ ಮುಂಚಿನಿಂದಲೇ ಜಡೆ ಹಿಡಿದು ಕಿತ್ತಾಡುತ್ತಿದ್ದೆವು. ನನಗಾಗ ಹನ್ನೊಂದು ವರ್ಷ, ಅವಳಿಗೆ ಏಳು.

ಅವಳಿಗೆ ಹಿತ್ತಲ ಬಂಡೆಯೇ ಆಗಬೇಕು. ಅದು ಮನೆಯ ಹಿಂದೆಯೇ ಇತ್ತು. ಹುಣಸೆಮರದ ನೆರಳು, ಕೂಗಿದರೆ ಅವ್ವನಿಗೆ ಕೇಳುವಷ್ಟು ಹತ್ತಿರ. ಇಳಿಜಾರು ಮಾತ್ರ ಮುದಿ ಎಮ್ಮೆಯ ಬೆನ್ನಿನ ಹಾಗೆ. ತೆಂಗಿನ ಗರಿಯ ಬುಡದ ಮೇಲೆ ಕೂತು ಎರಡು ಮಾರು ಜಾರಿದರೆ ನಿಂತೇ ಹೋಗುತ್ತಿತ್ತು, ಆಮೇಲೆ ಕೈಯೂರಿ ಅಂಡು ತಳ್ಳಿಕೊಂಡು ಇಳಿಯಬೇಕು. ಅದಕ್ಕಿಂತ ಮನೆಯ ಜಗಲಿಯ ಮೇಲೆ ಕೂತಿರುವುದು ವಾಸಿ ಎಂದು ನಾನು ಹಂಗಿಸುತ್ತಿದ್ದೆ.

ಕೋಟೆ ಬಂಡೆ ಎಂದರೆ ಬಂಡೆ. ಊರಾಚೆಯ ಗುಡ್ಡದಲ್ಲಿ, ಮುರಿದ ಕೋಟೆಗೋಡೆಯ ಬುಡದಿಂದ ಹತ್ತಾಳುದ್ದ ಇಳಿದಿತ್ತು. ಲೋಳೆಸರ ಜಜ್ಜಿ ಬಳಿದು ಒಂದು ಬಿಂದಿಗೆ ನೀರು ಸುರಿದರೆ ಸಾಕು, ಜೀವ ಬಾಯಿಗೆ ಬರುತ್ತಿತ್ತು. ಕೆಳಗೆ ಬಲಕ್ಕೆ ಮರಳು, ಎಡಕ್ಕೆ ಪಾಪಾಸುಕಳ್ಳಿ. ಗುಡ್ಡದಾಚೆಯ ಊರಿನ ಹುಡುಗರು ಅದನ್ನು ತಮ್ಮ ತಾತನ ಆಸ್ತಿ ಎಂದುಕೊಂಡಿದ್ದರು. ಹೊಡೆದಾಟವಿಲ್ಲದೆ ಅಲ್ಲಿಂದ ಯಾರೂ ಮರಳಿದ್ದು ನನಗೆ ನೆನಪಿಲ್ಲ. ಆ ಹೊಡೆದಾಟವೂ ನನಗೆ ರುಚಿಸುತ್ತಿತ್ತು.

ಅವ್ವನಿಗೆ ಇದು ಮಕ್ಕಳಾಟದ ಮಾತಾಗಿರಲಿಲ್ಲ. ತೊಡಕಿನ ದಿನ ಏನು ನಡೆಯುತ್ತದೋ ವರ್ಷವೆಲ್ಲ ಅದೇ ನಡೆಯುತ್ತದೆ ಎನ್ನುವುದು ನಮ್ಮ ಕಡೆಯ ನಂಬಿಕೆ. ಅವತ್ತು ನಕ್ಕರೆ ವರ್ಷವೆಲ್ಲ ನಗು, ಏಟು ತಿಂದರೆ ವರ್ಷವೆಲ್ಲ ಏಟು. ಅಪ್ಪ ಹಿಂದೂಪುರದ ರೈಲಿಗೆ ಕಡಲೆಕಾಯಿ ಮೂಟೆ ಸಾಗಿಸುವ ಗಾಡಿಯವನು. ಎತ್ತಿಗೆ ಹೊಡೆಯುವ ಬಾರುಕೋಲಿನಲ್ಲೇ ಅವ್ವನಿಗೂ ಹೊಡೆಯುತ್ತಿದ್ದ. ಎತ್ತಿಗೆ ಕಡಿಮೆ, ಅದು ದುಡ್ಡು ಕೊಟ್ಟು ತಂದದ್ದು. ದೇವರಿಗೂ ಹೆದರದ ಆ ಮನುಷ್ಯ ತೊಡಕಿಗೆ ಮಾತ್ರ ಹೆದರುತ್ತಿದ್ದ. ಯುಗಾದಿಯ ಸಂಜೆ ತಾನೇ ಬಾರುಕೋಲನ್ನು ಅವ್ವನ ಕೈಗೆ ಕೊಟ್ಟು ಕಣ್ಣಿಗೆ ಬೀಳದಂತೆ ಇಡು ಎನ್ನುತ್ತಿದ್ದ. ಆದರೂ ಪ್ರತಿ ವರ್ಷ ಏನಾದರೊಂದು ಕೆಡುತ್ತಿತ್ತು. ಒಂದು ವರ್ಷ ಸಾರು ಸೀದಿತೆಂದು ಕೆನ್ನೆಗೆ ಬಿಟ್ಟ. ಇನ್ನೊಂದು ವರ್ಷ ಜೂಜಿನಲ್ಲಿ ಸೋತು ಬಂದು ಒದ್ದ. ಒಂದೇ ಒಂದು ತೊಡಕು ಏಟಿಲ್ಲದೆ ಕಳೆದರೆ ತಾನು ಗೆದ್ದೆ ಎಂದು ಅವ್ವ ನಂಬಿ ಕೂತಿದ್ದಳು.

ಆ ವರ್ಷ ಬೆಳಗ್ಗೆ ತಲೆ ಬಾಚುತ್ತಾ ನನ್ನ ಗಲ್ಲ ಹಿಡಿದು ಹೇಳಿದಳು: "ಕೋಟೆ ಬಂಡೆ ಕಡೆ ಹೋಗ್ಬ್ಯಾಡ ಕಣಮ್ಮ. ಇವತ್ತೊಂದಿನ ಈ ಮನೇಲಿ ಯಾರ್ ಮೇಲೂ ಕೈ ಬೀಳ್ದಂಗೆ ಕಳೆದ್ಬುಟ್ರೆ ಸಾಕು ನಂಗೆ."

ಹೂಂ ಎಂದೆ. ಹೂಂ ಎನ್ನುವಾಗಲೇ ಸುಳ್ಳು ಎಂದು ನನಗೆ ಗೊತ್ತಿತ್ತು. ಹುಣಸೆಮರ ದಾಟಿದ ಕೂಡಲೇ ತಂಗಿಯ ರಟ್ಟೆ ಹಿಡಿದು, ಬಾಯಿಬಿಟ್ಟರೆ ಬಾವಿಗೆ ತಳ್ಳುತ್ತೇನೆ ಎಂದು ಹೆದರಿಸಿ ಗುಡ್ಡಕ್ಕೆ ಎಳೆದುಕೊಂಡು ಹೋದೆ.

ಮೂರು ಸಲ ಜಾರಿದೆ. ಅಂಥ ಸುಖ ಆಮೇಲೆ ಮದುವೆಯಲ್ಲೂ ಸಿಗಲಿಲ್ಲ. ನಾಲ್ಕನೆಯ ಸಲ ತಂಗಿಯನ್ನು ಗರಿಯ ಮೇಲೆ ಕೂರಿಸುತ್ತಿದ್ದೆ. ಅವಳಿನ್ನೂ ಗಟ್ಟಿಯಾಗಿ ಹಿಡಿದುಕೊಂಡಿರಲಿಲ್ಲ, ಆಚೆ ಊರಿನ ಹುಡುಗನೊಬ್ಬ ಸರದಿ ತನ್ನದೆಂದು ಹಿಂದಿನಿಂದ ಅವಳನ್ನು ಒದ್ದ. ಅವಳು ಮಗುಚಿ ಮಗುಚಿ ಉರುಳಿ ನೇರ ಪಾಪಾಸುಕಳ್ಳಿಗೆ ಬಿದ್ದಳು. ಅವಳ ಕೂಗು ಕೇಳಿದ ಮೇಲೆ ನನಗೆ ಏನೂ ಕಾಣಲಿಲ್ಲ. ಕೈಗೆ ಸಿಕ್ಕಿದ ಗರಿಯ ಬುಡ ಎತ್ತಿ ಅವನ ಬಾಯಿಗೆ ಬಾರಿಸಿದೆ. ಬಿದ್ದವನ ಎದೆಯ ಮೇಲೆ ಕೂತು ಮತ್ತೆ ಬಾರಿಸಿದೆ. ನಾಲ್ಕು ಜನ ನನ್ನನ್ನು ಎಳೆದು ಬಿಡಿಸಿದಾಗ ಅವನ ಎರಡು ಹಲ್ಲು ಬಂಡೆಯ ಮೇಲೆ ಬಿದ್ದಿದ್ದವು.

ಸಂಜೆ ಅವನ ಅಪ್ಪ ಆ ಹಲ್ಲುಗಳನ್ನು ಅಂಗೈಯಲ್ಲಿ ಹಿಡಿದುಕೊಂಡು, ಮಗನನ್ನು ಮುಂದೆ ಮಾಡಿಕೊಂಡು ನಮ್ಮ ಬಾಗಿಲಿಗೆ ಬಂದ. ಹೆಣ್ಣು ಹೆತ್ತಿದ್ದೀಯೋ ಹುಲಿ ಸಾಕಿದ್ದೀಯೋ ಎಂದು ಬೀದಿಯವರೆಲ್ಲ ಕೇಳುವಂತೆ ಅಪ್ಪನನ್ನು ಕೇಳಿದ. ಅವರು ಹೋಗುವವರೆಗೂ ಅಪ್ಪ ತಲೆ ಎತ್ತಲಿಲ್ಲ. ಆಮೇಲೆ ಒಳಗೆ ಬಂದು ಅವ್ವನ ಮುಂದೆ ಕೈ ಚಾಚಿದ. ಅವ್ವ ರಾಗಿ ತುಂಬಿದ ಮಣ್ಣಿನ ವಾಡೆಯ ಹಿಂದಿನಿಂದ ಬಾರುಕೋಲು ತೆಗೆದು ಕೊಟ್ಟಳು.

ಅಪ್ಪ ಮೊದಲು ತಿರುಗಿದ್ದು ಅವಳ ಕಡೆಗೆ. ಸಲಿಗೆ ಕೊಟ್ಟು ಕೆಡಿಸಿದವಳು ನೀನೇ ಎಂದು ಕೈ ಎತ್ತಿದ. ಬೇರೆ ದಿನವಾಗಿದ್ದರೆ ಅವ್ವ ಸುಮ್ಮನೆ ತಲೆ ಬಗ್ಗಿಸುತ್ತಿದ್ದಳು. ನನಗೆ ಬೀಳುವ ಏಟಿಗೂ ಎಷ್ಟೋ ಸಲ ಅಡ್ಡ ಬಂದು ತಾನೇ ತಿಂದವಳು ಅವಳು. ಅವತ್ತು ಗೋಡೆಗೆ ಒರಗಿ ಹೇಳಿದಳು:

"ನಂಗಲ್ಲ. ಇವತ್ತು ನಂಗ್ ಬ್ಯಾಡ. ತಪ್ ಮಾಡಿದ್ದು ಅವ್ಳು, ಅವ್ಳಿಗೇ ಹೊಡಿ."

ಎಷ್ಟು ಬಿದ್ದವೋ ನಾನು ಎಣಿಸಲಿಲ್ಲ. ಬೆನ್ನಿನ ಮೇಲೆ ಕುಪ್ಪಸ ಹರಿಯಿತು. ಹೊಡೆದವನ ಮೇಲೆ ನನಗೆ ಸಿಟ್ಟು ಬರಲಿಲ್ಲ, ನೋಡುತ್ತಾ ನಿಂತವಳ ಮೇಲೆ ಬಂತು. ಅವಳು ಸಾಯಲಿ ಎಂದು ಬಾಯಿಬಿಟ್ಟೇ ಅಂದೆ. ಅವ್ವ ತಂಗಿಯ ತೊಡೆಯಿಂದ ಮುಳ್ಳು ಕೀಳುತ್ತಾ ಕೂತಿದ್ದಳು, ನನ್ನ ಕಡೆ ನೋಡಲಿಲ್ಲ.

ನಂಬಿಕೆ ನಿಜವೋ, ಅಪ್ಪನ ಕೈಗೆ ಹೊಸ ದಾರಿ ಅಭ್ಯಾಸವಾಯಿತೋ, ನನಗೆ ಇವತ್ತಿಗೂ ತಿಳಿಯದು. ಆ ವರ್ಷವೆಲ್ಲ ಏಟು ನನಗೇ ಬಿತ್ತು. ಎತ್ತು ಹುಲ್ಲು ಬಿಟ್ಟರೂ ನಾನು, ಸಾರಿಗೆ ಉಪ್ಪು ಹೆಚ್ಚಾದರೂ ನಾನು. ಅವ್ವನಿಗೆ ಬೀಳಲಿಲ್ಲ. ಏಟು ಬಿದ್ದಾಗಲೆಲ್ಲ ಹರಳೆಣ್ಣೆ ಬಿಸಿ ಮಾಡಿ ನನ್ನ ಬೆನ್ನಿಗೆ ಹಚ್ಚುತ್ತಿದ್ದಳು. ಒಂದೊಂದು ಸಲ ಎಣ್ಣೆಯ ಜೊತೆ ಕಣ್ಣೀರೂ ಬೀಳುತ್ತಿತ್ತು. ನಾನು ಅವಳ ಜೊತೆ ಮಾತು ಬಿಟ್ಟಿದ್ದೆ.

ಮುಂದಿನ ಯುಗಾದಿಯ ದಿನ ಎಣ್ಣೆನೀರು ಹಾಕಿಕೊಳ್ಳುವಾಗ ಬೆನ್ನುಜ್ಜು ಬಾ ಎಂದು ಅವ್ವ ಕರೆದಳು. ಅವಳ ಬೆನ್ನನ್ನು ಬಾಸುಂಡೆಯಿಲ್ಲದೆ ನಾನು ನೋಡಿದ್ದು ಅದೇ ಮೊದಲು. ಚರ್ಮ ಎಳೆಯ ಹುಡುಗಿಯದರ ಹಾಗಿತ್ತು. ಉಜ್ಜುತ್ತಾ ಉಜ್ಜುತ್ತಾ ನನ್ನ ಸಿಟ್ಟು ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ.

ಮರುದಿನ ತೊಡಕು. ಹಿತ್ತಲ ಬಂಡೆಗೇ ಹೋಗಬೇಕು, ಈ ವರ್ಷ ನಿನಗೂ ನನಗೂ ಇಬ್ಬರಿಗೂ ಬೀಳುವುದು ಬೇಡ ಎಂದು ಅವ್ವ ನನ್ನ ಎರಡೂ ಕೈ ಹಿಡಿದು ಬೇಡಿಕೊಂಡಳು. ಅಪ್ಪ ಆಗಲೇ ಜೂಜಿಗೆ ಹೋಗಿದ್ದ. ಸೋತು ಬರುತ್ತಾನೆ, ಸಂಜೆಯೊಳಗೆ ಯಾರ ಮೇಲಾದರೂ ಆ ಕೈ ಬೀಳುತ್ತದೆ ಎಂದು ನನಗೆ ಗೊತ್ತಿತ್ತು. ನಿನ್ನೆ ಉಜ್ಜಿದ ಅವ್ವನ ಬೆನ್ನು ಕಣ್ಣ ಮುಂದೆ ಬಂತು. ತಂಗಿಯನ್ನು ಹುಣಸೆಮರದ ಕೆಳಗೆ ಬಿಟ್ಟು ಒಬ್ಬಳೇ ಗುಡ್ಡ ಹತ್ತಿದೆ. ಗರಿ ತೆಗೆದುಕೊಂಡು ಹೋಗಲಿಲ್ಲ. ಬಂಡೆಯ ನೆತ್ತಿಯಲ್ಲಿ ಯಾರೋ ಒಬ್ಬ ಹುಡುಗ ಸರದಿಗೆ ನಿಂತಿದ್ದ, ಹೋದ ವರ್ಷದವನೂ ಅಲ್ಲ. ನಿಮ್ಮಪ್ಪ ಊರಲ್ಲಿದ್ದಾನಾ ಎಂದು ಕೇಳಿದೆ. ಇದ್ದಾನೆ ಎಂದ. ಅವನ ಮೂಗಿಗೆ ಗುದ್ದಿದೆ.