ಓಡದ ಕಾರಿನ ಎಣ್ಣೆ

ಕಾದ ಹಂಚಿನ ಮೇಲೆ ನೀರು ಬೆರೆತ ಎಣ್ಣೆ ಬಿದ್ದಾಗ ಏಳುವ ಚಟಪಟ ಸದ್ದು ಈಗಲೂ ನನ್ನನ್ನು ಚಳ್ಳಕೆರೆಯ ನಮ್ಮ ಗಾಣದ ಮನೆಗೆ ಎಳೆದುಕೊಂಡು ಹೋಗುತ್ತದೆ. ಮೊನ್ನೆ ಸೊಸೆ ಬಾಣಲೆ ಒರೆಸದೆ ಎಣ್ಣೆ ಸುರಿದಳು. ಹನಿಗಳು ಸಿಡಿದಾಗ ಅವಳು ಹಿಂದೆ ಸರಿದಳು, ನಾನು ಒಲೆಯ ಹತ್ತಿರ ಹೋಗಿ ನಿಂತೆ. ಹಿಂಡಿಯ ವಾಸನೆ, ಹರಳೆಣ್ಣೆಯ ಘಾಟು, ಗಾಣದ ಎತ್ತಿನ ಬೆವರು, ಮೂಲೆಯಲ್ಲಿ ಮಡಿಸಿಟ್ಟ ಕರಿ ಕಂಬಳಿಗಳ ಬಿಸಿ ಎಲ್ಲವೂ ಒಟ್ಟಿಗೇ ಬಂದವು. ಆ ಮನೆ ಈಗ ಇಲ್ಲ. ಗಾಣದ ಕಲ್ಲನ್ನು ಯಾರೋ ಹೊತ್ತುಕೊಂಡು ಹೋದರು, ಬಂಡಿಮನೆ ಇದ್ದ ಜಾಗದಲ್ಲಿ ಬೇರೆಯವರ ಗೋಡೆ ಎದ್ದಿದೆ. ನಿಮಗೂ ಇಂಥದೊಂದು ಮನೆ ಇದ್ದಿರಬೇಕು, ವಿಳಾಸವಿಲ್ಲದ್ದು. ನಮ್ಮ ಮನೆಯ ಬಗ್ಗೆ ಅಳುತ್ತಾ ಹೇಳುವುದು ನನಗೆ ಇಷ್ಟವಿಲ್ಲ, ಯಾಕೆಂದರೆ ಅಲ್ಲಿ ನನ್ನ ಅಜ್ಜಿ ಗೆದ್ದಿದ್ದಳು. ಅದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ತಾತ ಎಣ್ಣೆ ವ್ಯಾಪಾರಿ. ಹಳ್ಳಿಗಳಿಂದ ಎಣ್ಣೆ ತಂದವರನ್ನು ಅಂಗಳದಲ್ಲಿ ಕೂರಿಸಿ, ಮೂರು ಕಲ್ಲಿನ ಒಲೆಯ ಮೇಲೆ ಹಂಚು ಕಾಯಿಸಿ, ಅದರ ಮೇಲೆ ನಾಲ್ಕು ಹನಿ ಬಿಡುತ್ತಿದ್ದ. ಸುಮ್ಮನೆ ಹೊಗೆಯಾಡಿದರೆ ಎಣ್ಣೆ ಒಳ್ಳೆಯದು, ಚಟಪಟ ಅಂದರೆ ನೀರು ಸೇರಿದೆ. ಹಂಚು ಹೇಳಿದ ಮೇಲೆ ಯಾರ ಮಾತೂ ಅವನ ಮುಂದೆ ನಡೆಯುತ್ತಿರಲಿಲ್ಲ. ತಾತ ಜಿಪುಣ ಎಂದು ಊರೇ ಹೇಳುತ್ತಿತ್ತು. ನಾನು ಹಾಗೆ ಹೇಳುವುದಿಲ್ಲ, ಹೇಳಿದವರ ಜೊತೆ ಜಗಳಕ್ಕೂ ಹೋಗುವುದಿಲ್ಲ. ಅಂಥವನು ಕಾರು ಕೊಂಡದ್ದು ಅಜ್ಜಿಯ ಸಲುವಾಗಿ. ಅಜ್ಜಿ ಹಿತ್ತಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಿದ್ದಳು. ಅದು ಕೂಡಿಕೊಂಡದ್ದೂ ಓರೆಯಾಗಿ. ಅವಳ ತವರು ಮೊಳಕಾಲ್ಮುರು ದಾಟಿ, ಜಟಿಂಗ ರಾಮೇಶ್ವರದ ಬೆಟ್ಟದ ಬುಡದಲ್ಲಿತ್ತು. ಅಲ್ಲಿ ಅವಳ ತಾಯಿ, ನನ್ನ ಮುತ್ತಜ್ಜಿ, ಇನ್ನೂ ಗಟ್ಟಿಯಾಗಿದ್ದಳು. ಎತ್ತಿನಗಾಡಿಯ ಕುಲುಕಾಟವನ್ನು ಅಜ್ಜಿಯ ಸೊಂಟ ಊರ ಬಾಗಿಲ ತನಕವೂ ತಡೆಯುತ್ತಿರಲಿಲ್ಲ. ವರ್ಗವಾಗಿ ಹೊರಟಿದ್ದ ಸಾಹೇಬರೊಬ್ಬರು ತಮ್ಮ ಹಳೆಯ ಕಾರು ಕೊಡುತ್ತೇನೆ ಎಂದಾಗ ತಾತ ಕೊಂಡುಬಿಟ್ಟ. ಓಡಿಸಲು ಬಳ್ಳಾರಿ ಕಡೆಯ ಖಾದರ್ ಸಾಬರನ್ನು ಕರೆತಂದ.

ಕೊಂಡದ್ದೇನೋ ಆಯಿತು, ಹೊರಗೆ ತೆಗೆಯಲು ತಾತನಿಗೆ ಮನಸ್ಸೇ ಬರುತ್ತಿರಲಿಲ್ಲ. ಪೆಟ್ರೋಲು ಡಬ್ಬಿಗಳಲ್ಲಿ ಬಳ್ಳಾರಿಯಿಂದ ಬರಬೇಕು, ದಾರಿ ತುಂಬ ಧೂಳು, ಟೈರು ಸವೆದರೆ ಏನು ಗತಿ. ಹೀಗೆ ಕಾರು ಬಂಡಿಮನೆಯಲ್ಲಿ ಗಾಡಿಗಳ ಪಕ್ಕ ಕಂಬಳಿ ಹೊದ್ದು ನಿಂತಿತು. ನಿಂತ ವಾಹನ ಮುನಿಸಿಕೊಳ್ಳಬಾರದೆಂದು ಅಜ್ಜಿ ಒಂದು ಪದ್ಧತಿ ಮಾಡಿದಳು. ಶುಕ್ರವಾರ ಅದರ ಮೂತಿಗೆ ಅರಿಶಿನ ಕುಂಕುಮ ಇಟ್ಟು, ಊದಿನಕಡ್ಡಿ ಹಚ್ಚಿ, ಮಂಗಳಾರತಿ ಎತ್ತುವಾಗ ಖಾದರ್ ಸಾಬರು ಮುಂದಿನ ಹ್ಯಾಂಡಲ್ ತಿರುಗಿಸಿ ಎಂಜಿನ್ ಚಾಲೂ ಮಾಡಬೇಕು. ಆರತಿ ಮುಗಿದೊಡನೆ ನಿಲ್ಲಿಸಬೇಕು. ಜಾಗಟೆ ನನ್ನ ಕೈಯಲ್ಲಿ. ಕಾರು ಗುರುಗುಟ್ಟುವುದು, ನಾನು ಜಾಗಟೆ ಬಡಿಯುವುದು, ಗಾಣದ ಎತ್ತು ಕಿವಿ ನಿಮಿರಿಸಿ ನಿಲ್ಲುವುದು, ಎಲ್ಲವೂ ಸೇರಿ ನಮಗೆ ವಾರದ ಹಬ್ಬವಾಗಿತ್ತು. ಕಾರಿಗೆ ಕೆಡುಕಾಗುತ್ತಿರುವುದೇ ಇದರಿಂದ ಎಂದು ಯಾರಿಗೆ ಹೊಳೆಯಬೇಕು.

ಮುತ್ತಜ್ಜಿಗೆ ಮೈ ಸರಿಯಿಲ್ಲ, ಮಗಳನ್ನು ನೋಡಬೇಕು ಅನ್ನುತ್ತಿದ್ದಾಳೆ ಎಂದು ಚಳಿಗಾಲದ ಕೊನೆಗೆ ಸುದ್ದಿ ಬಂತು. ಅಂದೇ ಹೊರಟೆವು. ತಳಕು ದಾಟಿ ಸ್ವಲ್ಪ ದೂರ ಹೋಗಿರಬೇಕು, ಎಂಜಿನ್ ಒಳಗೆ ಯಾರೋ ಸುತ್ತಿಗೆಯಲ್ಲಿ ಬಡಿದಂತೆ ಟಕಟಕ ಅಂದಿತು, ಹೊಗೆ ಬಂತು, ನಿಂತಿತು. ಎರಡು ಜೊತೆ ಎತ್ತು ಕಟ್ಟಿ ಕಾರನ್ನು ವಾಪಸು ಎಳೆಸಬೇಕಾಯಿತು. ಚಳ್ಳಕೆರೆಯ ಬೀದಿಯಲ್ಲಿ ಜನ ನಕ್ಕ ನಗು ತಾತನ ಬೆನ್ನಿಗೆ ಚುಚ್ಚುತ್ತಿತ್ತು. ಮನೆಗೆ ಬಂದವನೇ, ಯುಗಾದಿ ಕಳೆದ ಮೇಲೆ ರಾಂಪುರದ ಹತ್ತಿ ವ್ಯಾಪಾರಿಗೆ ಇದನ್ನು ಮಾರಿಬಿಡುತ್ತೇನೆ ಎಂದ. ಕಾರು ಹೋದರೆ ಅಜ್ಜಿಯ ಪಾಲಿಗೆ ತವರು ಹೋದಂತೆಯೇ ಎಂಬುದು ಆ ವಯಸ್ಸಿನ ನನಗೂ ತಿಳಿದಿತ್ತು.

ಮರುದಿನ ಬೆಳಿಗ್ಗೆ ಅವಳು ಕೋಲೂರಿಕೊಂಡು ಬಂಡಿಮನೆಗೆ ಬಂದಳು. ಖಾದರ್ ಸಾಬರು ಕಾರಿನ ಕೆಳಗೆ ಮಲಗಿದ್ದರು.

"ಸಾಬ್ರೇ, ಎಂಜಿನ್ ಎಣ್ಣೆ ಬದಲಾಯಿಸಿ ಎಷ್ಟು ದಿನ ಆತು?" ಎಂದು ಕೇಳಿದಳು.

"ಅಮ್ಮಾ, ಎಣ್ಣೆ ಬಿಲ್ಕುಲ್ ಹೊಸದು. ಹಾಕಿದ್ಮೇಲೆ ಗಾಡಿ ಎಲ್ಲಿ ಓಡೈತೆ?"

ತಾತನೂ ಅಲ್ಲೇ ನಿಂತಿದ್ದ. "ಓಡದೇ ಇದ್ರೆ ಎಣ್ಣೆ ಹೆಂಗೆ ಸವಿತೈತೆ? ಸುಮ್ನೆ ಡಬ್ಬಿ ಖಾಲಿ ಮಾಡೋ ಮಾತು" ಎಂದ.

"ಸವೆಯೋ ಮಾತಲ್ರೀ ನಾನಾಡ್ತಿರೋದು, ಕೆಡೋ ಮಾತು. ಗಡಿಗೆಯಾಗೆ ಮುಚ್ಚಿಟ್ಟ ಎಣ್ಣೆ ಕಮಟು ಹೊಡೆಯಲ್ವೇನು?" ಎಂದ ಅಜ್ಜಿ ನನ್ನ ಕಡೆ ತಿರುಗಿದಳು. "ಗಂಗೀ, ಬಿಳೀ ಪಿಂಗಾಣಿ ಬಟ್ಲು ತಗಂಬಾ."

ಖಾದರ್ ಸಾಬರು ಕೆಳಗಿನ ತಿರುಪು ಸಡಿಲಿಸಿದರು. ಬಟ್ಟಲಿಗೆ ಇಳಿದದ್ದು ಕಪ್ಪು ಎಣ್ಣೆಯಲ್ಲ, ಬೂದಿ ಕದಡಿದ ಮಜ್ಜಿಗೆಯಂಥದ್ದು. ಅಜ್ಜಿ ಅದನ್ನು ಎರಡು ಬೆರಳ ನಡುವೆ ತಿಕ್ಕಿದಳು, ಮೂಸಿದಳು. ಆಮೇಲೆ ಅಂಗಳಕ್ಕೆ ಹೋಗಿ, ತಾತನದೇ ಒಲೆ ಹಚ್ಚಿ, ತಾತನದೇ ಹಂಚು ಕಾಯಿಸಿದಳು. ಬಟ್ಟಲನ್ನು ತಾತನ ಕೈಗೆ ಕೊಟ್ಟಳು. ಹನಿ ಬಿಡುವ ಕೆಲಸ ಅವನದೇ ತಾನೆ. ತಾತ ಬಿಟ್ಟ. ಚಟಚಟ ಸಿಡಿದ ಹನಿಯೊಂದು ಅವನ ಪಂಚೆಯ ಮೇಲೆ ಬಿದ್ದು ಕಲೆಯಾಯಿತು. ತನ್ನ ಹಂಚು ಹೇಳಿದ ಮೇಲೆ ಅವನಾದರೂ ಏನು ಮಾಡಿಯಾನು.

"ನೀರೈತೆ," ಎಂದ. ಪಂಚೆಯ ಕಲೆ ಒರೆಸುತ್ತಾ ಕೇಳಿದ, "ಎಲ್ಲಿಂದ ಬಂತು?"

"ಬಿಸಿ ತಪ್ಪಲೆ ಮುಚ್ಚಳ ತೆಗೆದು ನೋಡ್ರಿ, ಒಳಗೆಲ್ಲ ಬೆವರಿರ್ತೈತೆ. ವಾರವಾರ ಇದನ್ನ ಅರೆಬಿಸಿ ಮಾಡಿ ಆರಿಸಿದ್ವಿ. ಪೂರ್ತಿ ಕಾದಿದ್ರೆ ಆ ಬೆವರು ಹಬೆಯಾಗಿ ಹೋಗ್ತಿತ್ತು. ಪೂಜೆ ಹೆಸರಲ್ಲಿ ನಾನೇ ನೀರು ಕುಡಿಸ್ದೆ," ಎಂದು ಅಜ್ಜಿ ನಕ್ಕಳು. ಅವಳ ತಪ್ಪನ್ನು ಅವಳೇ ಎತ್ತಿ ಹೇಳಿದ್ದರಿಂದ ತಾತನಿಗೆ ರೇಗಲು ಏನೂ ಉಳಿಯಲಿಲ್ಲ.

ಆಮೇಲೆ ನಡೆದದ್ದು ಚೌಕಾಸಿ. ವರ್ಷಕ್ಕೊಂದು ಸಲ ಬದಲಾಯಿಸಿದರೆ ಸಾಕೆಂದು ತಾತ, ಓಡಲಿ ಬಿಡಲಿ ಯುಗಾದಿಗೊಂದು ಸಲ ಮಾರ್ನೋಮಿಗೊಂದು ಸಲ ಆಗಲೇಬೇಕೆಂದು ಅಜ್ಜಿ. ಅಜ್ಜಿಯ ಮಾತೇ ನಿಂತಿತು. ಶುಕ್ರವಾರದ ಆರತಿಯೂ ಉಳಿಯಿತು, ಆದರೆ ಎಂಜಿನ್ ಚಾಲೂ ಮಾಡಿದರೆ ಊರಾಚೆಯ ಉಳ್ಳಾರ್ತಿ ಕಾವಲ್ ತನಕ ಹೋಗಿ, ಅದು ಚೆನ್ನಾಗಿ ಕಾದ ಮೇಲೇ ಮನೆಗೆ ಬರಬೇಕು. ಖಾದರ್ ಸಾಬರು ಎಂಜಿನ್ ತಳ ಬಿಚ್ಚಿ ಜಿಡ್ಡನ್ನೆಲ್ಲ ಕೆರೆದರು, ಒಳಗೆ ಸವೆದಿದ್ದುದನ್ನು ಬಳ್ಳಾರಿಗೆ ಒಯ್ದು ಸರಿಮಾಡಿಸಿ ತಂದು ಕೂರಿಸಿದರು, ಹೊಸ ಎಣ್ಣೆ ತುಂಬಿದರು. "ಇದೊಂದ್ಸಲ ನೋಡ್ತೀನಿ. ದಾರೀಲಿ ನಿಂತ್ರೆ ಅಲ್ಲಿಂದ್ಲೇ ರಾಂಪುರಕ್ಕೆ ಹೇಳಿ ಕಳಿಸ್ತೀನಿ," ಎಂದು ತಾತ ಹೇಳಿದ. ಅಜ್ಜಿ ಇಳಕಲ್ ಸೀರೆ ಉಟ್ಟು ಕಾರು ಹತ್ತಿದಳು.

ತಳಕು ದಾಟಿ, ಹಿಂದೆ ನಿಂತುಹೋದ ಜಾಗ ಬಂದಾಗ ತಾತ ನಿದ್ದೆ ಬಂದವನ ಹಾಗೆ ಕಣ್ಣು ಮುಚ್ಚಿದ್ದ, ಅಜ್ಜಿಯ ಕೈ ನನ್ನ ಕೈಯನ್ನು ನೋಯುವಷ್ಟು ಹಿಡಿದಿತ್ತು. ಎಂಜಿನ್ ಮಾತ್ರ ತನ್ನ ಪಾಡಿಗೆ ಹಾಡಿಕೊಂಡು ಹೋಯಿತು. ಮುಂದೆ ಹಳ್ಳವೊಂದರ ಮರಳಿನ ಪಕ್ಕದಲ್ಲಿ ಎತ್ತು, ಹಗ್ಗ ಹಿಡಿದುಕೊಂಡು ನಾಲ್ಕು ಜನ ನಮಗಾಗಿಯೇ ಕಾದಿದ್ದರು, ನಮ್ಮ ಕಾರಿನ ಖ್ಯಾತಿ ಅಲ್ಲಿಗೂ ಮುಟ್ಟಿತ್ತು. ಖಾದರ್ ಸಾಬರು ಬಿಸ್ಮಿಲ್ಲಾ ಎಂದು ನುಗ್ಗಿಸಿದರು. ಚಕ್ರ ಹೂತವು, ಅರಚಿದವು, ಮರಳು ಎರಚಿದವು, ಆಚೆ ದಂಡೆ ಹತ್ತಿಬಿಟ್ಟವು. ಆಗ ನಮ್ಮ ತಾತ, ಆ ಗಂಭೀರ ಮನುಷ್ಯ, ಮೇಲೆ ತೆರೆದಿದ್ದ ಕಾರಿನಲ್ಲಿ ಎದ್ದು ನಿಂತು ರುಮಾಲು ಬಿಚ್ಚಿ ಹಿಂದಿನವರತ್ತ ಬೀಸಿದ. ಅಷ್ಟು ಸಂತೋಷ ಅವನ ಮುಖದಲ್ಲಿ ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ.

ಮೊಳಕಾಲ್ಮುರಿನ ಮಗ್ಗಗಳ ಸದ್ದು ಕೇಳಿಸಿತು, ಆಮೇಲೆ ಬಂಡೆಗಳ ಬೆಟ್ಟ ಕಾಣಿಸಿತು. ಊರಿನ ಮಕ್ಕಳೆಲ್ಲ ಕಾರಿನ ಹಿಂದೆ ಓಡಿ ಬಂದರು. ಮುತ್ತಜ್ಜಿಯನ್ನು ಗೋಡೆಗೆ ಒರಗಿಸಿ ಜಗುಲಿಯಲ್ಲಿ ಕೂರಿಸಿದ್ದರು. ಕಾರನ್ನು ಅವಳು ಕಣ್ಣೆತ್ತಿ ಕೂಡ ನೋಡಲಿಲ್ಲ. "ವಚ್ಚಿನಾವಾ ಬಿಡ್ಡಾ," ಬಂದೆಯಾ ಮಗಳೇ, ಎಂದು ತನ್ನ ತೆಲುಗಿನಲ್ಲಿ ಕೇಳಿ, ಅಜ್ಜಿಯ ಓರೆ ಸೊಂಟವನ್ನು ಎರಡೂ ಕೈಯಲ್ಲಿ ತಡವಿ ತಡವಿ ನೋಡಿದಳು. ಅಜ್ಜಿ ಅವಳ ಮಡಿಲಲ್ಲಿ ಮುಖ ಇಟ್ಟುಬಿಟ್ಟಳು. ನನ್ನ ಅಜ್ಜಿಯೂ ಯಾರಿಗೋ ಮಗಳು ಎಂದು ನನಗೆ ಅರ್ಥವಾದದ್ದು ಆಗಲೇ. ಮುತ್ತಜ್ಜಿ ಮರುದಿನದಿಂದ ಗಂಜಿ ಕುಡಿದಳು, ವಾರ ಕಳೆಯುವುದರೊಳಗೆ ಎದ್ದು ಓಡಾಡಿದಳು, ನಾವು ಹೊರಡುವ ಮುಂಚೆ ಕಾರಿನಲ್ಲಿ ಕೂತು ಊರು ಸುತ್ತಿ ಬಂದಳು. ಯುಗಾದಿ ಕಳೆದು ರಾಂಪುರದ ವ್ಯಾಪಾರಿ ಬಂದಾಗ ತಾತ ಅವನಿಗೆ ಮಜ್ಜಿಗೆ ಕುಡಿಸಿ, "ಅದು ಮಾರೋ ಗಾಡಿ ಅಲ್ಲಪ್ಪ," ಎಂದು ಕಳಿಸಿದ.

ಅಲ್ಲಿಂದ ಪ್ರತಿ ಯುಗಾದಿಗೆ, ಪ್ರತಿ ಮಾರ್ನೋಮಿಗೆ ಎಣ್ಣೆ ಬದಲಾಯಿತು. ಬದಲಾದ ಮರುದಿನ ಅಜ್ಜಿ ತವರಿಗೆ ಹೊರಟಳು. ಕಾರು ಒಮ್ಮೆಯೂ ದಾರಿಯಲ್ಲಿ ನಿಲ್ಲಲಿಲ್ಲ. ಮುತ್ತಜ್ಜಿ ಇನ್ನೂ ಎಷ್ಟೋ ವರ್ಷ ಇದ್ದು, ಒಂದು ಮಳೆಗಾಲದಲ್ಲಿ ಮಗಳ ತೊಡೆಯ ಮೇಲೆಯೇ ಕಣ್ಣು ಮುಚ್ಚಿದಳು. ಮುಂದಿನ ಮಾರ್ನೋಮಿಗೆ ಅಜ್ಜಿ ಎಣ್ಣೆಯ ಮಾತೇ ಎತ್ತಲಿಲ್ಲ. ಆದರೆ ಬೆಳಿಗ್ಗೆ ಬಂಡಿಮನೆಯಲ್ಲಿ ಸದ್ದಾಯಿತು. ಹೋಗಿ ನೋಡಿದರೆ ತಾತ ಪಂಚೆ ಎತ್ತಿ ಕಟ್ಟಿ, ಖಾದರ್ ಸಾಬರ ಜೊತೆ ತಾನೇ ಕೂತು ಹೊಸ ಡಬ್ಬಿ ಒಡೆಯುತ್ತಿದ್ದ. ಕೈ ತೊಳೆದು ಬಂದು ಅಜ್ಜಿಯ ಮುಂದೆ ನಿಂತ.

"ನಾಳೆ ಹೊರಡು, ನಿಮ್ಮೂರಿಗೆ ಹೋಗ್ಬರಾನ."

"ಅಲ್ಲಿ ನಂಗೆ ಇನ್ಯಾರದಾರ್ರೀ?"

"ಊರೈತಲ್ಲ," ಎಂದ ತಾತ.

ಅಜ್ಜಿ ಎದ್ದು, ಪೆಟ್ಟಿಗೆಯಿಂದ ಇಳಕಲ್ ಸೀರೆ ತೆಗೆದಳು.